ಗಡ್ಡೆ ಹೌದು, ಹೂಳುವ ಗಡ್ಡೆಯಲ್ಲ: ಇರುವೆ ಗಿಡದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಹೈಡ್ನೋಫೈಟಮ್ ಎಂಬ ಇರುವೆ ಗಿಡವನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಕಿತ್ತಳೆ ಗಾತ್ರದ ಗಡ್ಡೆ. ಕೆಂಪು ಮಣ್ಣು, ಸುಡುಮಣ್ಣು, ಹಟ್ಟಿಗೊಬ್ಬರ ಬೆರೆಸಿ ಅರ್ಧ ಹೂತು ನೆಟ್ಟಿದ್ದೇನೆ. ಮೂರೇ ವಾರಕ್ಕೆ ಎಲೆ ಹಳದಿಯಾಗಿ ಉದುರುತ್ತಿದೆ, ಗಡ್ಡೆಯ ಬುಡ ಮೆತ್ತಗಾಗಿದೆ. ಬೋರ್ಡೋ ದ್ರಾವಣ ಹೊಡೆಯಲೇ?
— ಕದ್ರಿ, ಮಂಗಳೂರು

ಉತ್ತರ: ಸಿಂಪಡಣೆ ಬೇಡ. ಕೊಳೆ ಒಳಗಿದೆ, ಹೊರಗೆ ಹೊಡೆದದ್ದು ಅಲ್ಲಿಗೆ ಮುಟ್ಟುವುದಿಲ್ಲ. ಇವತ್ತೇ ಗಿಡವನ್ನು ಕುಂಡದಿಂದ ಎಬ್ಬಿಸಿ.

ಇದು ಸುವರ್ಣಗಡ್ಡೆಯಂತೆ ನೆಲದೊಳಗೆ ಬಲಿಯುವಂಥದ್ದಲ್ಲ. ಕಾಫಿಯ ಕುಟುಂಬಕ್ಕೆ ಸೇರಿದ ಈ ಗಿಡ ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಮರದ ಕೊಂಬೆಯ ಮೇಲೆ ಬೆಳೆಯುತ್ತದೆ. ಮೊಳಕೆಯ ಕಾಂಡವೇ ಉಬ್ಬಿ ಗಡ್ಡೆಯಾಗುತ್ತದೆ, ಅದರೊಳಗಿನ ಟೊಳ್ಳು ಕೋಣೆಗಳಲ್ಲಿ ಇರುವೆಗಳು ನೆಲೆಸುತ್ತವೆ. ಗಡ್ಡೆ ಸದಾ ಗಾಳಿಗೆ ತೆರೆದುಕೊಂಡಿರಬೇಕು. ಒದ್ದೆ ಮಣ್ಣು ಸುತ್ತ ಕವಿದರೆ ಉಸಿರು ಕಟ್ಟಿ ಕೊಳೆಯುತ್ತದೆ.

ಮಣ್ಣನ್ನೆಲ್ಲ ತೊಳೆದು ಗಡ್ಡೆಯನ್ನು ಬೆರಳಿನಿಂದ ಒತ್ತಿ ನೋಡಿ. ಮೈಮೇಲೆ ತೂತು ಕಂಡರೆ ಗಾಬರಿ ಬೇಡ, ಅವು ಇರುವೆಗಳ ಬಾಗಿಲು: ಅಂಚು ಗಟ್ಟಿ, ಒಳಗೆ ಒಣ. ಕೊಳೆತ ಜಾಗ ಕಂದಾಗಿ, ನೀರಾಗಿ, ವಾಸನೆ ಬರುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಗಟ್ಟಿಯಾದ, ಕಲೆಯಿಲ್ಲದ ಭಾಗ ಸಿಗುವವರೆಗೆ ಕೊಯ್ಯಿರಿ. ಪ್ರತಿ ಕೊಯ್ತಕ್ಕೂ ಬ್ಲೇಡ್ ಮತ್ತೆ ಒರೆಸಿ. ಗಾಯಕ್ಕೆ ಇದ್ದಿಲ ಪುಡಿ ಹಚ್ಚಿ 2–3 ದಿನ ನೆರಳಲ್ಲಿ, ಗಾಳಿಯಾಡುವಲ್ಲಿ ಒಣಗಿಸಿ. ಅರ್ಧಕ್ಕಿಂತ ಹೆಚ್ಚು ಭಾಗ ಮೆತ್ತಗಾಗಿದ್ದರೆ ಉಳಿಯುವ ಆಸೆ ಕಡಿಮೆ.

ಮತ್ತೆ ನೆಡಲು ತೆಂಗಿನ ಸಿಪ್ಪೆಯ ಹೆಬ್ಬೆರಳ ಉಗುರಿನಷ್ಟು ದೊಡ್ಡ ತುಂಡು 3 ಪಾಲು, ಇದ್ದಿಲ ಚೂರು 1 ಪಾಲು, ಬಿಡಿಸಿದ ತೆಂಗಿನ ನಾರು 1 ಪಾಲು ತೆಗೆದುಕೊಳ್ಳಿ. ಸಿಪ್ಪೆಯನ್ನು ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ. ಕೆಂಪು ಬಣ್ಣ ಬಿಡುವುದು ಬಹುಪಾಲು ನಿಂತ ಮೇಲೆ ಬಳಸಿ. ಹಿನ್ನೀರಿನಲ್ಲಿ ಕೊಳೆಹಾಕಿದ ಸಿಪ್ಪೆ ತರಲೇಬೇಡಿ, ಅದರ ಉಪ್ಪಿಗೆ ಬೇರು ಸುಡುತ್ತದೆ. ಆರ್ಕಿಡ್ ಬೆಳೆಸುವ, ಪಕ್ಕದಲ್ಲಿ ತೂತುಗಳಿರುವ 4 ಇಂಚಿನ ಮಣ್ಣಿನ ಕುಂಡ ಸಾಕು. ಬೇರು ಮಾತ್ರ ಒಳಗೆ, ಗಡ್ಡೆ ಪೂರ್ತಿ ಮೇಲೆ. ಅಲುಗಾಡಿದರೆ ಕಡ್ಡಿ ಕೊಟ್ಟು ಕಟ್ಟಿ, ಹೂತು ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮದು ಐದನೇ ಮಹಡಿಯ ಫ್ಲ್ಯಾಟ್. ಇರುವೆಗಳೇ ಇಲ್ಲದೆ ಈ ಗಿಡ ಬದುಕುತ್ತದೆಯೇ? ತೋಟದಿಂದ ಚಗಳಿ ತಂದು ಬಿಡಬಹುದೇ?
— ಮಣಿಪಾಲ

ಉತ್ತರ: ಬದುಕುತ್ತದೆ. ಗಡ್ಡೆಯೊಳಗಿನ ಕೋಣೆಗಳನ್ನು ಇರುವೆ ಕೊರೆಯುವುದಿಲ್ಲ, ಗಿಡವೇ ಕಟ್ಟಿಕೊಳ್ಳುತ್ತದೆ. ಜಾವಾದ ಬೊಗೋರ್ ಸಸ್ಯೋದ್ಯಾನದಲ್ಲಿದ್ದ ಸಸ್ಯವಿಜ್ಞಾನಿ ಮೆಲ್ಕಿಯೋರ್ ಟ್ರೂಬ್ 1880ರ ದಶಕದಲ್ಲೇ ಇರುವೆ ಸೋಕದ ಗಿಡದಲ್ಲೂ ಕೋಣೆಗಳು ಮೂಡುವುದನ್ನು ತೋರಿಸಿದ್ದರು. ನುಣುಪು ಗೋಡೆಯ ಕೋಣೆಗಳಲ್ಲಿ ಇರುವೆ ಮರಿ ಸಾಕುತ್ತದೆ, ಗಂಟುಗಂಟಾದ ಗೋಡೆಯ ಕೋಣೆಗಳಲ್ಲಿ ಕಸ ಹಾಕುತ್ತದೆ. ಆ ಗಂಟುಗಳ ಮೂಲಕ ಗಿಡ ಕಸದ ಸಾರ ಹೀರುತ್ತದೆ. ಈ ಜೋಡಣೆಯಲ್ಲಿ ನಮಗೆ ಅತಿ ಅಚ್ಚರಿ ತರುವುದು ಇದೇ.

ಇರುವೆಗಳಿಗೆ ನೆಲೆ ಕೊಡುವ ಇನ್ನೊಂದು ಗಿಡ, ಚೀಲದಂಥ ಎಲೆಯ ಡಿಸ್ಕಿಡಿಯಾ ಮೇಜರ್ ಬಳ್ಳಿಯ ಮೇಲೆ ನಡೆದ, 1995ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇರುವೆ ನೆಲೆಸಿದ ಎಲೆಗಳ ಇಂಗಾಲದ 39% ಇರುವೆಗಳ ಉಸಿರಿನಿಂದ, ಸಾರಜನಕದ 29% ಅವು ಹಾಕಿದ ಕಸದಿಂದ ಬಂದದ್ದು ಕಂಡುಬಂತು.

ಮನೆಯಲ್ಲಿ ಆ ಊಟ ನೀವು ಕೊಡಬೇಕು. 20-20-20 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು ಇರುವಂಥದ್ದು) ಲೀಟರ್ ನೀರಿಗೆ ಅರ್ಧ ಗ್ರಾಂ, 15–20 ದಿನಕ್ಕೊಮ್ಮೆ, ಬೇರಿಗೂ ಎಲೆಗೂ. ತೂತುಗಳೊಳಗೆ ಸುರಿಯಬೇಡಿ, ನಿಂತರೆ ಕೊಳೆ ಶುರು. ಹೂ ಬಿಡಲಿ ಎಂದು ಗೊಬ್ಬರದ ಪ್ರಮಾಣ ಹೆಚ್ಚಿಸಿದರೆ ಎಲೆಯ ತುದಿ ಕಂದಾಗಿ ಒಣಗುತ್ತದೆ.

ಚಗಳಿ ಬೇಡವೇ ಬೇಡ. ಅದು ಎಲೆ ಹೆಣೆದು ಗೂಡು ಕಟ್ಟುವ ಜಾತಿ, ಗಡ್ಡೆಯ ಕೋಣೆ ಅದಕ್ಕೆ ಬೇಕಿಲ್ಲ. ಅಡುಗೆಮನೆಯ ಇರುವೆ ತಾನಾಗಿ ಬಂದು ಸೇರಿದರೆ ಎಳೆ ಚಿಗುರಿನ ಸಂದು ನೋಡುತ್ತಿರಿ. ಬಿಳಿ ಹತ್ತಿಯಂಥ ಹಿಟ್ಟು ತಿಗಣೆಯನ್ನು ಅದರ ಸಿಹಿ ದ್ರವಕ್ಕಾಗಿ ಇರುವೆ ಕಾಯುತ್ತದೆ. ಕಂಡರೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ವಾರ ಬಿಟ್ಟು ಮತ್ತೊಮ್ಮೆ.

ಪ್ರಶ್ನೆ: ಮಳೆಗಾಲದಲ್ಲಿ ನೀರು ಎಷ್ಟು? ಬೇಸಿಗೆಯಲ್ಲಿ?
— ಮಲ್ಪೆ

ಉತ್ತರ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯೇ ಒದ್ದೆ. ಸಿಪ್ಪೆ ತುಂಡನ್ನು ಮುಟ್ಟಿ ನೋಡಿ, ಒಳಗಿನದು ಒಣಗಿದ್ದರೆ ಮಾತ್ರ ನೀರು. ಜಡಿಮಳೆ ಹಿಡಿದಾಗ ನಾಲ್ಕೈದು ದಿನ ಬೇಕಾಗದೆ ಹೋಗಬಹುದು. ಮಾಡಿನ ಕೆಳಗೆ, ಇರಿಚಲು ಬಡಿಯದಲ್ಲಿಡಿ. ಆ ತಿಂಗಳುಗಳಲ್ಲಿ ಗಿಡ ಕೊಲ್ಲುವುದು ತೇವಕ್ಕಿಂತ ನಿಂತ ಗಾಳಿ. ಕಿಟಕಿ ಮುಚ್ಚಿಯೇ ಇರುವ ಕೋಣೆಯಾದರೆ ಸಣ್ಣ ಫ್ಯಾನ್ ದಿನಕ್ಕೆ ಕೆಲವು ಗಂಟೆ ತಿರುಗಲಿ. ಮಾರ್ಚ್‌ನಿಂದ ಮೇವರೆಗೆ ದಿನ ಬಿಟ್ಟು ದಿನ, ಸಿಪ್ಪೆ ಬೇಗ ಒಣಗಿದರೆ ದಿನಾ. ಕಡಲ ಬದಿಯ ಬಾವಿ ಏಪ್ರಿಲ್–ಮೇಯಲ್ಲಿ ಉಪ್ಪಾಗುತ್ತದೆ; ನಾಲಗೆಗೆ ಉಪ್ಪು ಹತ್ತಿದರೆ ಆ ನೀರು ಬೇಡ. ಪೂರ್ವದ ಕಿಟಕಿಯ ಬೆಳಗಿನ ಬಿಸಿಲು ಒಳ್ಳೆಯದು, ಮಧ್ಯಾಹ್ನದ ಬಿಸಿಲಿಗೆ ಎಲೆ ಸುಡುತ್ತದೆ.

ಪ್ರಶ್ನೆ: ಗಿಡದಲ್ಲಿ ಕಿತ್ತಳೆ ಬಣ್ಣದ ಸಣ್ಣ ಹಣ್ಣು. ಒಣಗಿಸಿಟ್ಟು ಬಿತ್ತಬಹುದೇ?
— ಕುಂದಾಪುರ

ಉತ್ತರ: ಒಣಗಿಸಬೇಡಿ, ಬೀಜದ ಜೀವ ಬೇಗ ಹೋಗುತ್ತದೆ. ಹಣ್ಣು ಹಿಚುಕಿದರೆ ಅಂಟಿನ ಜೊತೆ ಬೀಜ ಹೊರಬರುತ್ತದೆ. ಅಂದೇ ಒದ್ದೆ ಸ್ಫಾಗ್ನಮ್ ಪಾಚಿಯ ಮೇಲೆ ಅಂಟಿಸಿ, ಬೀಜದ ಮೇಲೆ ಪಾಚಿ ಮುಚ್ಚಬೇಡಿ. ಪಾರದರ್ಶಕ ಡಬ್ಬಿಯಲ್ಲಿಟ್ಟು ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ಕೊಡಿ. ಕೆಲವೇ ವಾರದಲ್ಲಿ ಮೊಳೆಯುತ್ತದೆ, ಸಾಸಿವೆಯಷ್ಟು ಉಬ್ಬು ಬುಡದಲ್ಲೇ ಕಾಣುತ್ತದೆ.

ಪ್ರಶ್ನೆ: ಅಂಗಳದ ಮಾವಿಗೆ ಕಟ್ಟಬೇಕೆಂದಿದ್ದೇನೆ. ಬಂದಳಿಕೆಯ ಹಾಗೆ ಮರ ತಿನ್ನುತ್ತದೆ ಎಂದು ಅತ್ತೆ ಬೇಡವೆನ್ನುತ್ತಾರೆ.
— ಕಾರ್ಕಳ

ಉತ್ತರ: ಬಂದಳಿಕೆಯ ಬೇರು ಕೊಂಬೆಯೊಳಗೆ ಇಳಿದು ಮರದ ರಸ ಕುಡಿಯುತ್ತದೆ, ಅತ್ತೆಯವರ ಭಯ ಅದರ ವಿಷಯದಲ್ಲಿ ಸರಿ. ಇರುವೆ ಗಿಡದ ಬೇರು ತೊಗಟೆಯ ಮೇಲೆ ಹಿಡಿದುಕೊಳ್ಳುತ್ತದೆ ಅಷ್ಟೆ, ಸೀತಾಳೆ ದಂಡೆ ಎಂಬ ಆರ್ಕಿಡ್‌ನ ಹಾಗೆ. ನೀರು ನಿಲ್ಲುವ ಕವಲು ಬಿಟ್ಟು, ಓರೆಯಾದ ಕೊಂಬೆಯ ಬದಿಗೆ ಸ್ವಲ್ಪ ನಾರಿನ ಮೆತ್ತೆ ಇಟ್ಟು ಮೀನಿನ ಗಾಳದ ದಾರದಿಂದ ಬಿಗಿಯಿರಿ. ಸೆಣಬಿನ ಹುರಿ ಒಂದು ಮಳೆಗಾಲಕ್ಕೆ ಕುಂಬಾಗುತ್ತದೆ, ತಾಮ್ರದ ತಂತಿ ಬೇರಿಗೆ ಕೆಟ್ಟದ್ದು. ಕಟ್ಟುವುದು ಸೆಪ್ಟೆಂಬರ್ ಕೊನೆಗೆ, ಮಳೆ ಇಳಿದ ಮೇಲೆ. ಬೇರು ತೊಗಟೆ ಹಿಡಿದ ಮೇಲೆ ದಾರ ಕತ್ತರಿಸಿ, ಇಲ್ಲವಾದರೆ ಉಬ್ಬುವ ಗಡ್ಡೆಯನ್ನು ಅದು ಕೊಯ್ಯುತ್ತದೆ.