ಹಾವು ಕಚ್ಚಿದ ಕಾಲಿಗೆ ಹಗ್ಗ ಬೇಡ, ಅಡಿಕೆ ಹಾಳೆ ಕಟ್ಟಿ

ಅಣ್ಣಾ, ಕೊಳಕುಮಂಡಲ ಕಚ್ಚಿದ ಆಳಿನ ಕಾಲಿಗೆ ಬಾಳೆನಾರು ಬಿಗಿದ ಫೋಟೋ ಹಾಕಿದ್ದೀರಿ. ಕೆಳಗೆ ಎಲ್ಲರೂ ಭೇಷ್ ಅಂದಿದ್ದಾರೆ. ಅವನು ಉಳಿದದ್ದು ಆ ಕಟ್ಟಿನಿಂದಲ್ಲ, ಬೇಗ ಆಸ್ಪತ್ರೆಗೆ ಮುಟ್ಟಿಸಿದ್ದರಿಂದ. ನಾವೂ ಒಮ್ಮೆ ನಮ್ಮ ಆಳಿಗೆ ಬೈರಾಸು (ಟವೆಲ್) ಬಿಗಿದವರೇ. ಮಂಡಲದ ವಿಷ ಕಚ್ಚಿದಲ್ಲಿನ ಮಾಂಸವನ್ನೇ ಕೊಳೆಸುವಂಥದ್ದು. ರಕ್ತ ಓಡದಂತೆ ಕಟ್ಟಿದರೆ ವಿಷವನ್ನು ಅಲ್ಲೇ ಕೂಡಿಹಾಕಿದ ಹಾಗೆ. ನಮ್ಮವನ ಜೀವ ಉಳಿಯಿತು, ಪಾದದ ಚರ್ಮ ಹೋಯಿತು. ಕಟ್ಟಿಯಾಗಿದ್ದರೆ ದಾರಿಯಲ್ಲಿ ಫಕ್ಕನೆ ಬಿಚ್ಚಲೂಬೇಡಿ, ಡಾಕ್ಟರ ಎದುರೇ ಬಿಚ್ಚಿಸಿ.

ಬೇಕಾದದ್ದು ಕಾಲು ಅಲ್ಲಾಡದಿರುವುದು. ಅಡಿಕೆ ತೋಟದಲ್ಲಿ ಹಾಳೆಗೆ ಬರವೇ? ಆಗಷ್ಟೇ ಬಿದ್ದ ಹಸಿ ಹಾಳೆ ಎರಡು ತಂದು ಕಾಲಿನ ಎರಡೂ ಬದಿಗೆ ಇಡಿ. ಪಾದದಿಂದ ತೊಡೆವರೆಗೆ ಬರಬೇಕು. ಗಿಡ್ಡವಾದರೆ ಒಂದರ ಮೇಲೊಂದು ಜೋಡಿಸಿ. ಹರಿದ ಮುಂಡಿನ ಪಟ್ಟಿಯಿಂದ ಮೂರು ಕಡೆ ಕಟ್ಟಿ, ಕಚ್ಚಿದ ಜಾಗದ ಮೇಲೆ ಮಾತ್ರ ಬೇಡ. ಪಟ್ಟಿಯೊಳಗೆ ಬೆರಳು ಸಲೀಸಾಗಿ ತೂರಬೇಕು. ಬಾತರೆ ಸಡಿಲಿಸಿ. ಒಣ ಹಾಳೆ ಬಗ್ಗದೆ ಒಡೆಯುತ್ತದೆ, ಅಂಚು ಚುಚ್ಚುತ್ತದೆ. ಕಾಲುಂಗುರ, ಗೆಜ್ಜೆ ಮೊದಲೇ ತೆಗೆಯಿರಿ. ನಡೆಸಬೇಡಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ರಸ್ತೆಗೆ ಹೊರಿ. ವಾಂತಿ ಬಂದರೆ ಮಗ್ಗುಲಿಗೆ ಮಲಗಿಸಿ.

ಬ್ಲೇಡ್ ಹಾಕುವುದು, ಬಾಯಲ್ಲಿ ಹೀರುವುದು, ಆನ್‌ಲೈನಿನ ವಿಷ ಹೀರುವ ಪಂಪು, ಎಲ್ಲ ದಂಡ. ನೋವಿಗೆ ಬ್ರೂಫೆನ್, ಆಸ್ಪಿರಿನ್ ಕೊಟ್ಟೀರಿ ಜೋಕೆ, ಮೊದಲೇ ರಕ್ತ ಹೆಪ್ಪುಗಟ್ಟದ ಸ್ಥಿತಿ ಅದು. ಹೊರಡುವಾಗಲೇ 108ಕ್ಕೋ ಆಸ್ಪತ್ರೆಗೋ ಫೋನ್ ಮಾಡಿ ಆ್ಯಂಟಿವೆನಮ್, ಅಂದರೆ ಹಾವಿನ ವಿಷ ಇಳಿಸುವ ಮದ್ದು, ಇದೆಯಾ ಕೇಳಿ. ಬದಿಯಡ್ಕದಿಂದ ಮಂಗಳೂರಿಗೇ ಓಡಬೇಕೆಂಬ ಹಠ ಬೇಡ, ಕಾಸರಗೋಡಿನಲ್ಲೇ ಮದ್ದು ಸಿಕ್ಕಿದರೆ ಅಲ್ಲೇ ಸುರುಮಾಡಲಿ. ತಲುಪಿದ ಕೂಡಲೇ ಇಂಜೆಕ್ಷನ್ ಕೊಡಲಿಲ್ಲವೆಂದು ಡಾಕ್ಟರನ್ನು ಬೈಯುವವರೂ ಇದ್ದಾರೆ. ಅವರು ಮೊದಲು ರಕ್ತವನ್ನು ಗಾಜಿನ ನಳಿಗೆಯಲ್ಲಿ 20 ನಿಮಿಷ ಇಟ್ಟು ಹೆಪ್ಪುಗಟ್ಟುತ್ತದಾ ನೋಡುತ್ತಾರೆ. ಎಲ್ಲ ಕಡಿತದಲ್ಲೂ ವಿಷ ಇಳಿದಿರುವುದಿಲ್ಲ.

ಹಾವನ್ನು ಕೊಂದು ಚೀಲದಲ್ಲಿ ತರಬೇಡಿ, ಸತ್ತ ತಲೆಯೂ ಕಚ್ಚೀತು. ದೂರದಿಂದ ಫೋಟೋ ಸಾಕು. ಫೋಟೋ ಇದ್ದರೆ ಉಪಕಾರವೂ ಇದೆ: ನಮ್ಮಲ್ಲಿ ಸಿಗುವ ಆ್ಯಂಟಿವೆನಮ್ ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ತರಗೆಲೆ ಬಣ್ಣದ, ಮೂತಿ ಮೇಲಕ್ಕೆತ್ತಿದ ಗಿಡ್ಡ ಮಂಡಲಕ್ಕೆ ಅದು ನಾಟುವುದಿಲ್ಲ. ಹಾಗೆಂದು ಅದರ ಕಡಿತಕ್ಕೆ ಮನೆಯಲ್ಲೇ ಕೂರಬೇಡಿ, ಕಿಡ್ನಿಗೆ ಹೊಡೆಯುತ್ತದೆ. ಮನೆಯೊಳಗೆ ಹಾವು ಕಂಡರೆ ಕೇರಳ ಅರಣ್ಯ ಇಲಾಖೆಯ ಸರ್ಪ ಆ್ಯಪಿನಲ್ಲಿ ಹಿಡಿಯುವವರ ನಂಬರ್ ಸಿಗುತ್ತದೆ.

ಆಳುಗಳಿಗೆ ಗಂಬೂಟು ತೆಗೆಸಿಕೊಡಿ. ನಾನು ಹಿಲ್ಸನ್ ಹಾಕುವುದು, ಅಗ್ಗದವು ಒಂದೇ ಮಳೆಗಾಲಕ್ಕೆ ಬಿರಿಯುತ್ತವೆ. ಸೆಕೆಯೆಂದು ಚಾವಡಿಯಲ್ಲಿ ನೆಲಕ್ಕೆ ಮಲಗುವ ಮಕ್ಕಳಿಗೆ ಸೊಳ್ಳೆಪರದೆ ಕಟ್ಟಿ, ಅಂಚನ್ನು ಚಾಪೆಯ ಅಡಿಗೆ ತುರುಕಿ. ಕಟ್ಟು ಹಾವು ಕಚ್ಚಿದ್ದು ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ. ಬೆಳಗ್ಗೆ ಎದ್ದವರು ಹೊಟ್ಟೆನೋವು ಅಂದು, ಜತೆಗೆ ರೆಪ್ಪೆಯೂ ಜೋತುಬಿದ್ದರೆ ಜೀರಿಗೆ ಕಷಾಯ ಕುದಿಸುತ್ತಾ ಕೂರಬೇಡಿ, ಆಗಲೇ ಗಾಡಿ ತೆಗೆಯಿರಿ.