ಏರು ನೋಡಿ ಬನ್ನಿ, ಆಮೇಲೆ ಹೆದರಿ

ಓಟದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಮೈಸೂರಿನ ನಿವೃತ್ತ ಪಿ.ಟಿ. ಟೀಚರ್ ಉತ್ತರಿಸುತ್ತಾರೆ

ಪ್ರಶ್ನೆ: ನನಗೆ 41 ವರ್ಷ, ಬ್ಯಾಂಕಿನಲ್ಲಿ ಕೆಲಸ. ಬೆಂಗಳೂರಿನಲ್ಲಿ ಎರಡು ಸಲ 10 ಕಿ.ಮೀ. ಓಡಿದ್ದೇನೆ. ಜೊತೆಯವರ ಮಾತು ಕೇಳಿ ಮಲೆನಾಡಿನ ಒಂದು ಹಾಫ್ ಮ್ಯಾರಥಾನ್‌ಗೆ ದುಡ್ಡು ಕಟ್ಟಿಬಿಟ್ಟೆ. 14ನೇ ಕಿಲೋಮೀಟರಿನಿಂದ ಮೂರು ಕಿ.ಮೀ. ಬರೀ ಏರಂತೆ. ಮೂರೂವರೆ ಗಂಟೆಯೊಳಗೆ ಮುಗಿಸಬೇಕು. ನಾನೇ ಕೊನೆಯವಳು ಅನ್ನೋದು ಗ್ಯಾರಂಟಿ. ಇನ್ನೂ ಒಂಬತ್ತು ವಾರ ಇದೆ, ಈಗಲೇ ನಿದ್ದೆ ಬರುತ್ತಿಲ್ಲ. ಅತ್ತೆ ಬೇರೆ, ‘ಹೆಂಗಸರು ಹೀಗೆಲ್ಲ ಓಡಿದರೆ ಗರ್ಭಕೋಶ ಜಾರುತ್ತೆ’ ಅಂತಾರೆ. ಹೆಸರು ವಾಪಸ್ ತಗೊಳ್ಳಲಾ?
– ಓದುಗರು, ಹಾಸನ

ಉತ್ತರ: ಬೇಡಮ್ಮಾ. ಕಟ್ಟಿದ ದುಡ್ಡಂತೂ ವಾಪಸ್ ಬರಲ್ಲ, ಅಲ್ವಾ?

ನೀವು ಬ್ಯಾಂಕಿನವರು, ಮೊದಲು ಲೆಕ್ಕ ಹಾಕೋಣ. ಮೂರೂವರೆ ಗಂಟೆ ಅಂದರೆ 210 ನಿಮಿಷ. ದೂರ 21.1 ಕಿ.ಮೀ. ಒಂದು ಕಿಲೋಮೀಟರಿಗೆ ಹೆಚ್ಚೂಕಡಿಮೆ ಹತ್ತು ನಿಮಿಷ ಸಿಗುತ್ತದೆ. ಬಸ್ಸು ಹೊರಟುಬಿಡುತ್ತೆ ಅಂತ ಗೊತ್ತಾದಾಗ ಬ್ಯಾಗ್ ಅವುಚಿಕೊಂಡು ದಾಪುಗಾಲು ಹಾಕುತ್ತೀರಲ್ಲ, ಅದೇ ವೇಗ. ಏರು ಬಿಟ್ಟು ಉಳಿದ 18 ಕಿ.ಮೀ.ಯನ್ನು ಎಂಟೆಂಟು ನಿಮಿಷದಂತೆ ಓಡಿದರೆ, ಆ ಮೂರು ಕಿ.ಮೀ. ಏರಿಗೆ ಒಂದು ಗಂಟೆಗೂ ಜಾಸ್ತಿ ಉಳಿಯುತ್ತದೆ. ನಡೆದುಕೊಂಡೇ ಹತ್ತಬಹುದು. ನಡೆದರೆ ಅವಮಾನ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಸಾವಿರಾರು ಜನರಿಗೆ ಕಲಿಸಿದ್ದೇ ಸ್ವಲ್ಪ ಓಟ, ಸ್ವಲ್ಪ ನಡಿಗೆ ಅನ್ನುವ ಪದ್ಧತಿ.

ಇನ್ನೊಂದು ಕೆಲಸ ಮಾಡಿ. ಒಂದು ಭಾನುವಾರ ಸ್ಕೂಟರೋ ಬಸ್ಸೋ ಹಿಡಿದು ಆ ಏರಿಗೆ ಹೋಗಿ ಬನ್ನಿ. ಕಣ್ಣಿಗೆ ಬೀಳದ ಏರು ಯಾವಾಗಲೂ ಜಾಸ್ತಿ ಎತ್ತರ. ಸುಮ್ನೆ ನಡೆದು ಹತ್ತಿ. ಎಲ್ಲಿ ನೆರಳಿದೆ, ಯಾವ ತಿರುವಿನಲ್ಲಿ ಮುಗಿಯಿತು ಅನ್ನಿಸಿ ಮೋಸ ಮಾಡುತ್ತೆ ಅಂತ ನೋಡಿಕೊಳ್ಳಿ. ನಮ್ಮ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ನಂದಿ ಕಂಡ ತಕ್ಷಣ ಹೊಸಬರು ‘ಬಂದ್ವಿ’ ಅಂತ ನಿಟ್ಟುಸಿರು ಬಿಡುತ್ತಾರೆ. ಮೇಲೆ ಇನ್ನೂ ಮೆಟ್ಟಿಲಿದೆ ಅಂತ ಗೊತ್ತಾದಾಗ ಅವರ ಮುಖ ನೋಡಬೇಕು! ಅದೇ ಮೆಟ್ಟಿಲಿನ ಮೇಲೆ ಹರಕೆ ಹೊತ್ತ ಹೆಂಗಸರು ಒಂದೊಂದಕ್ಕೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಸಾವಿರ ಮೆಟ್ಟಿಲು, ಸಾವಿರ ಸಲ ಬಗ್ಗುವುದು. ಅವರು ತಲೆಯೆತ್ತಿ ಗೋಪುರ ಎಲ್ಲಿದೆ ಅಂತ ನೋಡಿದ್ದನ್ನು ನಾನು ಕಂಡಿಲ್ಲ. ಏರು ಓಡುವುದನ್ನು ನಾನು ಕಲಿತದ್ದು ಅವರನ್ನು ನೋಡಿ. ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನು ಕೊನೆಯವಳಾಗುವ ಭಯ. ಆಗಿದ್ದೇನಮ್ಮಾ, ನಾನೇ ಆಗಿದ್ದೇನೆ! 46ನೇ ವಯಸ್ಸಿನಲ್ಲಿ, ನನ್ನ ಮೊದಲ ಹಾಫ್ ಮ್ಯಾರಥಾನ್‌ನಲ್ಲಿ. 16 ಕಿ.ಮೀ. ದಾಟಿದ ಮೇಲೆ ತಿರುಗಿ ನೋಡಿದರೆ ಹಿಂದೆ ಒಂದು ಆಂಬ್ಯುಲೆನ್ಸ್ ಮಾತ್ರ, ನಡಿಗೆಯ ವೇಗದಲ್ಲಿ ಬರುತ್ತಿತ್ತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, “ಹತ್ಕೋತೀರಾ ಮೇಡಂ?” ಅಂದ. “ನೀನು ಮುಂದೆ ಹೋಗಪ್ಪಾ” ಅಂದೆ. “ನಿಮ್ಮನ್ನ ಬಿಟ್ಟು ಹೋಗೋ ಹಾಗಿಲ್ಲ, ಡ್ಯೂಟಿ” ಅಂದ. ನೀರು ಕೊಡುವ ಹುಡುಗರು ಮೇಜು ಮಡಚುತ್ತಿದ್ದರು. ನನ್ನನ್ನು ಕಂಡು ಒಬ್ಬ ಮತ್ತೆ ಬಾಟಲಿ ತೆಗೆದ. ಮುಟ್ಟುವ ಹೊತ್ತಿಗೆ ತಿಂಡಿಯಲ್ಲಿ ಉಪ್ಪಿಟ್ಟು ಖಾಲಿ, ಕೇಸರಿಬಾತ್ ಉಳಿದಿತ್ತು. ನಕ್ಕವರು ಯಾರೂ ಇಲ್ಲ. ನಗಲು ಅಲ್ಲಿ ಯಾರೂ ಇರಲೇ ಇಲ್ಲ, ಎಲ್ಲರೂ ಮನೆಗೆ ಹೋಗಿದ್ದರು.

ತಯಾರಿ ಮಾತ್ರ ಬಿಡಬೇಡಿ. ವಾರಕ್ಕೊಂದು ಉದ್ದ ಓಟ, ಪ್ರತಿ ವಾರ ಒಂದು ಕಿ.ಮೀ.ಯಷ್ಟು ಏರಿಸುತ್ತಾ 15–16ರವರೆಗೆ ಹೋದರೆ ಸಾಕು. ನಡುವೆ ಒಂದು ವಾರ ಕಡಿಮೆ ಮಾಡಿ. ಕೊನೆಯ ಎರಡು ವಾರ ಹಗುರ. ಇಳಿಜಾರನ್ನೂ ಅಭ್ಯಾಸ ಮಾಡಿ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ. ಮಾರನೇ ದಿನ ಮೆಟ್ಟಿಲು ಇಳಿಯಲು ಆಗದಂತೆ ಮಾಡುವುದು ಅದೇ. ಎಲ್ಲರೂ ಏರಿಗೆ ಹೆದರುತ್ತಾರೆ, ಹೊಡೆತ ಕೊಡೋದು ಇಳಿಜಾರು.

ಅತ್ತೆಯವರದು ಹಳೇ ಮಾತು. ಅವರೊಬ್ಬರದೇ ಅಲ್ಲ. 1928ರ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 800 ಮೀಟರ್ ಓಟ ಇತ್ತು. ಹೆಂಗಸರಿಗೆ ಅದು ಜಾಸ್ತಿಯಾಯಿತು ಅಂತ ತೆಗೆದುಹಾಕಿದರು. ಅದು ವಾಪಸ್ ಬಂದದ್ದು 1960ರಲ್ಲಿ. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಸೇರಿದ್ದು 1984ರಲ್ಲಿ. ಆಗ ನನಗೆ 18 ವರ್ಷ. ನಮ್ಮಮ್ಮನೂ ಗರ್ಭಕೋಶದ ಮಾತನ್ನೇ ಆಡುತ್ತಿದ್ದಳು! ಆ ಭಯ ಬಿಡಿ. ಆದರೆ ಓಡುವಾಗ ಮೂತ್ರ ಸೋರುವುದು, ಕೆಳಹೊಟ್ಟೆ ಭಾರ ಅನ್ನಿಸುವುದು ಇದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ತೋರಿಸಿ. ಅದಕ್ಕೆ ವ್ಯಾಯಾಮ ಇದೆ.

ಪ್ರಶ್ನೆ: ಜಿಲ್ಲಾ ಮಟ್ಟದ 5,000 ಮೀಟರ್ ಓಟದಲ್ಲಿ ಪಕ್ಕದಲ್ಲಿ ಸ್ಪೈಕ್ಸ್ (ಅಡಿಯಲ್ಲಿ ಮೊಳೆಯಿರುವ ಓಟದ ಬೂಟು) ಹಾಕಿದ ಹುಡುಗರನ್ನು ಕಂಡರೆ ಕೈಕಾಲು ತಣ್ಣಗಾಗುತ್ತದೆ, ಪದೇಪದೇ ಒಂದಕ್ಕೆ ಬರುತ್ತದೆ. ಅಭ್ಯಾಸದಲ್ಲಿ 17 ನಿಮಿಷಕ್ಕೆ ಮುಗಿಸುವವನು ಅಲ್ಲಿ 18 ದಾಟುತ್ತೇನೆ. ಮೊದಲ ಸುತ್ತು 72 ಸೆಕೆಂಡ್.
– ಪಿಯುಸಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಉತ್ತರ ನಿನ್ನ ಕೊನೆಯ ಸಾಲಿನಲ್ಲೇ ಇದೆಯಲ್ಲಪ್ಪಾ. 17 ನಿಮಿಷಕ್ಕೆ 400 ಮೀಟರಿನ ಹನ್ನೆರಡೂವರೆ ಸುತ್ತು ಅಂದರೆ ಸುತ್ತಿಗೆ 81–82 ಸೆಕೆಂಡ್. ನೀನು ಹತ್ತು ಸೆಕೆಂಡ್ ಬೇಗ ಓಡಿದೆ. ಅದು ನಿನ್ನ ಓಟ ಅಲ್ಲ, ಆ ಸ್ಪೈಕ್ಸ್ ಹುಡುಗರದು. ಮುಂದಿನ ಸಲ ಮೊದಲ ಸುತ್ತಿಗೆ ಕೊನೆಯಲ್ಲೇ ಇರು, ಎಷ್ಟೇ ಉರಿದರೂ 82ಕ್ಕೆ ಮುಗಿಸು. ಏಳೆಂಟನೇ ಸುತ್ತಿಗೆ ಒಬ್ಬೊಬ್ಬರಾಗಿ ಹಿಂದೆ ಬರುತ್ತಾರೆ. ಒಂದಕ್ಕೆ ಬರುವುದು ಎಲ್ಲರಿಗೂ ಇದ್ದದ್ದೇ. ಕ್ಯೂನಲ್ಲಿ ಆ ಸ್ಪೈಕ್ಸ್ ಹುಡುಗರೂ ಇರುತ್ತಾರೆ, ನೋಡು.

ಪ್ರಶ್ನೆ: ವಯಸ್ಸು 63. ದಿನಾ ನಾಲ್ಕು ಕಿ.ಮೀ. ನಡೆಯುತ್ತೇನೆ, ಬಿ.ಪಿ. ಮಾತ್ರೆ ಇದೆ. ಅಮೆರಿಕದಲ್ಲಿರುವ ಮಗ ಮೂರು ತಿಂಗಳಲ್ಲಿ ನನ್ನ ಜೊತೆ ಫುಲ್ ಮ್ಯಾರಥಾನ್ ಓಡು ಅನ್ನುತ್ತಿದ್ದಾನೆ. ನನಗೆ ಭಯವೇನೂ ಇಲ್ಲ. ಆಗುತ್ತದೆಯೇ?
– ನಿವೃತ್ತ ನೌಕರರು, ಧಾರವಾಡ

ಉತ್ತರ: ನಿಮಗೆ ಭಯ ಇಲ್ಲ ಅಂತ ಓದಿ ನನಗೆ ಭಯವಾಯಿತು ಸರ್. ಅದು 42.195 ಕಿ.ಮೀ. ದೇಹ ಕೂಡಿಟ್ಟ ಸಕ್ಕರೆ ಸಾಮಾನ್ಯವಾಗಿ 30ನೇ ಕಿ.ಮೀ. ಆಸುಪಾಸಿನಲ್ಲಿ ಮುಗಿಯುತ್ತದೆ, ಚೆನ್ನಾಗಿ ತಯಾರಾದವರೂ ಅಲ್ಲಿ ಕಾಲೆಳೆಯುತ್ತಾರೆ. ಮೂರು ತಿಂಗಳಲ್ಲಿ ಬೇಡ. ಮೊದಲು ಡಾಕ್ಟರ್ ಹತ್ತಿರ ಹೋಗಿ ಹೃದಯದ ಪರೀಕ್ಷೆ ಮಾಡಿಸಿ. ಅವರು ಒಪ್ಪಿದರೆ ಈ ಸಲ ಮಗನ ಜೊತೆ 5 ಕಿ.ಮೀ. ಓಡಿ. ಮಗ ಬೇಜಾರು ಮಾಡಿಕೊಂಡರೆ ಈ ಪುಟ ತೋರಿಸಿ, ನನ್ನನ್ನೇ ಬೈಯಲಿ.