ಐವತ್ತು ಬೇಡ, ಆರು ತಗೊಳ್ಳಿ

ಬೆಂಗಳೂರಿನ ಕೆಲಸ ಬಿಡದೆ ಊರಿನ ಎರಡೆಕರೆಯಲ್ಲಿ ಐವತ್ತು ಬಂಡೂರು ಕುರಿ, ಎರಡು ಹಳ್ಳಿಕಾರ್ ಹಸು ಸಾಕಬಹುದಾ, ನಾಟಿ ತಳಿಗೆ ರೋಗ ಬರಲ್ಲವಲ್ಲ, ಆಳು ಒಬ್ಬ ಇದ್ದು ನಾನು ವಾರಕ್ಕೊಮ್ಮೆ ಬಂದರೆ ಸಾಕಲ್ವಾ ಅಂತ ಕೇಳಿದ್ದೀರಿ. ಓದಿ ಮೊದಲು ನಗು ಬಂತು. ಆಮೇಲೆ ಹೊಟ್ಟೆ ಚುರ್ ಅಂತು. 2017ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ, ಎಕ್ಸೆಲ್ ಶೀಟಿನಲ್ಲಿ. ಮೇವು, ಆಳಿನ ಕೂಲಿ, ಮರಿ ಮಾರಿದ ದುಡ್ಡು, ಎಲ್ಲಕ್ಕೂ ಕಾಲಮ್ ಇತ್ತು. ಸಾಯುವ ಮರಿಗೆ ಮಾತ್ರ ಇರಲಿಲ್ಲ.

ನಮ್ಮದೂ ಮಳವಳ್ಳಿ ಕಡೆಯೇ. ಅಪ್ಪ ಯಾವತ್ತಿಂದಲೂ ಮೂರೋ ನಾಲ್ಕೋ ಕುರಿ ಮನೆ ಹಿಂದೆ ಕಟ್ಟಿ ಸಾಕುತ್ತಿದ್ದರು. ನಾನು ಕೆಲಸ ಬಿಟ್ಟು ಬಂದವನೇ ಹದಿನೆಂಟು ಹೆಣ್ಣು ಕುರಿ, ಒಂದು ಟಗರು ತಂದೆ. "ಇಷ್ಟೊಂದು ಯಾಕ್ಲಾ ಮಗ?" ಅಂದರು ಅಪ್ಪ. ಅವರಿಗೆ ಬಿಸಿನೆಸ್ ಗೊತ್ತಿಲ್ಲ ಅಂದುಕೊಂಡೆ.

ಬಂಡೂರು ಕುರಿ ನೋಡೋಕೆ ಚೆಂದ. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ಕುದುರೆ ಲಾಳ ಬೋರಲು ಹಾಕಿದ ಹಾಗೆ. ಕೊಂಬಿಲ್ಲ. ಮೈ ಬಿಳಿ, ಕೆಲವಕ್ಕೆ ಮುಖದ ಮೇಲೆ ಕಂದು. ಬನ್ನೂರು ಕುರಿ ಅಂತಲೂ ಕರೆಯುತ್ತಾರೆ. ಬನ್ನೂರು ಇರುವುದು ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ, ಬಂಡೂರು ನಮ್ಮ ಮಳವಳ್ಳಿ ತಾಲ್ಲೂಕಿನಲ್ಲಿ, ಸರ್ಕಾರದ ಪಟ್ಟಿಯಲ್ಲಿ ತಳಿಯ ಹೆಸರು ಮಂಡ್ಯ. ಈ ಜಗಳಕ್ಕೆ ನಾನು ಬರಲ್ಲ. ಆದರೆ ಒಂದು ಗೊತ್ತಿರಲಿ: ಒಳ್ಳೆ ಟಗರೇ ಸುಮಾರು 35 ಕೆಜಿ ತೂಗುತ್ತದೆ, ಹೆಣ್ಣು 25ರ ಆಸುಪಾಸು. ಈಯೋದೂ ಸಾಮಾನ್ಯವಾಗಿ ಒಂದೇ ಮರಿ. ಜನ ದುಡ್ಡು ಕೊಡೋದು ಮಾಂಸದ ರುಚಿಗೆ. ಐವತ್ತು ಕುರಿ ಅಂದರೆ ನೂರು ಮರಿ ಅಂತ ಲೆಕ್ಕ ಹಾಕಿದ್ದರೆ ಈಗಲೇ ಅಳಿಸಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

2017ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕುರಿಗಳು ಈದವು. ಹದಿನಾಲ್ಕು ಮರಿ ಉಳಿದವು. ಅದರಲ್ಲಿ ಎಂಟು ಗಂಡು. ಮುಂದಿನ ಬಕ್ರೀದ್ 2018ರ ಆಗಸ್ಟ್ 22ಕ್ಕೆ ಇತ್ತು. ಗಂಡು ಮರಿಗಳನ್ನು ಅದಕ್ಕೇ ಅಂತ ಬೇರೆ ಕಟ್ಟಿದೆ. ಬೆಳಿಗ್ಗೆ ನೆನೆಸಿದ ಹುರುಳಿ, ಬೂಸಾ, ಸಂಜೆ ಒಂದು ಹಿಡಿ ಮುಸುಕಿನ ಜೋಳ. ಮೈ ಉಬ್ಬುತ್ತಾ ಬಂತು. ಎರಡಕ್ಕೆ ಮುಂಗಡವೂ ಬಂತು.

ಮೇ ತಿಂಗಳಲ್ಲಿ ದನದ ಡಾಕ್ಟ್ರು ಊರಿಗೆ ಬಂದರು. ಮಳೆಗೆ ಮುಂಚೆ ಕರುಳು ಬೇನೆ ಲಸಿಕೆ ಹಾಕಿಸಿ ಅಂದರು. ನಮ್ಮ ಕೊಟ್ಟಿಗೆ ಬಾಗಿಲಲ್ಲೇ ನಿಂತಿದ್ದರು. ನಾನು ಏನು ಹೇಳಿದೆ ಗೊತ್ತಾ? "ಸಾರ್, ಇವು ಜವಾರಿ. ಇವಕ್ಕೆ ಸೂಜಿ ಗೀಜಿ ಬೇಡ." ಯೂಟ್ಯೂಬ್ ನೋಡಿದ ಧೈರ್ಯ. ಅವರು ಇನ್ನೊಂದು ಸಲ ಹೇಳಿದರು. ಕೊಬ್ಬಿಸಿದ ಮರಿಗೆ ಸೂಜಿ ಚುಚ್ಚಿದರೆ ಜ್ವರ ಬಂದು ಮೈ ಇಳಿಯುತ್ತದೆ ಅನ್ನೋ ಹೆದರಿಕೆಯೂ ಒಳಗೇ ಇತ್ತು, ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವರು ಪಕ್ಕದ ಮನೆಗೆ ಹೋದರು.

ಜೂನ್‌ನಲ್ಲಿ ಹದವಾಗಿ ಮಳೆ ಬಿತ್ತು. ಬದುಗಳಲ್ಲಿ ಎಳೆ ಹುಲ್ಲು ಎದ್ದಿತು. ಬೇಸಿಗೆಯೆಲ್ಲ ಒಣ ಕಡ್ಡಿ ತಿಂದಿದ್ದ ಮರಿಗಳನ್ನು ಒಮ್ಮೆಲೇ ಅಲ್ಲಿಗೆ ಬಿಟ್ಟೆ. ಹುರುಳಿಯನ್ನೂ ನಿಲ್ಲಿಸಲಿಲ್ಲ. ಮೂರನೇ ದಿನ ಬೆಳಿಗ್ಗೆ ಐದೂವರೆಗೆ ಕೊಟ್ಟಿಗೆ ಬಾಗಿಲು ತೆಗೆದರೆ, ಮುಂಗಡ ತಗೊಂಡಿದ್ದ ದೊಡ್ಡ ಮರಿ ಸತ್ತು ಬಿದ್ದಿತ್ತು. ಕತ್ತು ಹಿಂದಕ್ಕೆ ಸೆಟೆದಿತ್ತು. ಕಾಲು ಬಡಿದ ಜಾಗದಲ್ಲಿ ಮಣ್ಣು ಕೆದರಿತ್ತು. ಹಿಂದಿನ ಸಂಜೆ ಅದು ಮೇವಿನ ಬಾನಿಗೆ ಗುದ್ದಿಕೊಂಡು ಹುರುಳಿ ತಿಂದಿತ್ತು.

ಹಾವು ಕಚ್ಚಿದೆ ಅಂದರು ಒಬ್ಬರು. ದೃಷ್ಟಿ ಅಂದಳು ಅವ್ವ, ಮೆಣಸಿನಕಾಯಿ ನಿವಾಳಿಸಿದಳು. ನಾನು ಹಾವು ಹುಡುಕುತ್ತಾ ಕೊಟ್ಟಿಗೆ ಗೋಡೆ ಬಿಲಗಳಿಗೆ ಸಿಮೆಂಟ್ ಮೆತ್ತಿದೆ. ಒಂದು ದಿನ ಪೂರ್ತಿ ಅದಕ್ಕೇ ಹೋಯಿತು. ಅಷ್ಟರಲ್ಲಿ ಇನ್ನೆರಡು ಹೋದವು. ನಾಲ್ಕು ದಿನಕ್ಕೆ ಒಟ್ಟು ಏಳು. ಬಡಕಲು ಮರಿ ಒಂದೂ ಸಾಯಲಿಲ್ಲ. ಚೆನ್ನಾಗಿದ್ದವೇ ಸಾಲಾಗಿ ಹೋದವು.

ಡಾಕ್ಟ್ರು ಬಂದು ಒಂದನ್ನು ಕೊಯ್ದು ತೋರಿಸಿದರು. ಕಿಡ್ನಿ ಕೊಳೆತ ಸಪೋಟದ ಹಾಗೆ ಬೆರಳಿಗೆ ಮೆತ್ತಗೆ ಸಿಗುತ್ತಿತ್ತು. ಅವರು ಮೇನಲ್ಲಿ ಹೇಳಿದ್ದ ಅದೇ ಕರುಳು ಬೇನೆ. ಇದರ ರೋಗಾಣು ಹೊರಗಿಂದ ಬರಬೇಕಾಗಿಲ್ಲವಂತೆ. ಕುರಿಯ ಕರುಳಲ್ಲೇ ಇರುತ್ತದೆ, ಸುಮ್ನೆ ಇರುತ್ತದೆ. ಇದ್ದಕ್ಕಿದ್ದ ಹಾಗೆ ಕಾಳು, ಎಳೆ ಹುಲ್ಲು ಜಾಸ್ತಿ ಬಿದ್ದರೆ ಅಲ್ಲಿ ಬೆಳೆದು ವಿಷ ಬಿಡುತ್ತದೆ. ಜಾಸ್ತಿ ತಿನ್ನುವ, ಗಟ್ಟಿ ಮರಿಗೇ ಮೊದಲು. ನಾಟಿ ಆಗಲಿ, ಸೀಮೆಯದಾಗಲಿ, ಕರುಳು ಕರುಳೇ ಅಲ್ವಾ? ಹೆಚ್ಚಿನ ಸಲ ಔಷಧಿ ಕೊಡುವಷ್ಟು ಹೊತ್ತೇ ಸಿಗಲ್ಲ. ಅಪ್ಪ ಇದನ್ನೇ ಒಂದು ಮಾತಲ್ಲಿ ಹೇಳಿದರು: "ಮೂರು ದಿನ ಉಪಾಸ ಇದ್ದೋನ್ನ ಮದುವೆ ಪಂಕ್ತೀಲಿ ಕೂರಿಸ್ದಂಗೆ ಮಾಡ್ದೆ ಕಣ್ಲಾ."

ಕಾಳು ನಿಲ್ಲಿಸಿದೆವು. ಕೊಟ್ಟಿಗೆಯಲ್ಲೇ ಕೂಡಿ ಬರೀ ರಾಗಿ ಹುಲ್ಲು ಹಾಕಿದೆವು. ಉಳಿದವಕ್ಕೆಲ್ಲ ಲಸಿಕೆ ಆಯಿತು. ಮೊದಲ ಸಲ ಹಾಕಿಸಿದರೆ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಹಾಕಿಸಬೇಕು, ಅದನ್ನೂ ಹಾಕಿಸಿದೆ. ಪಕ್ಕದ ಮನೆಯ ಕುರಿ ಒಂದೂ ಸತ್ತಿರಲಿಲ್ಲ. ಅವರ ಮರಿಗಳೂ ಅದೇ ಬದುವಿನಲ್ಲೇ ಮೇಯುತ್ತಿದ್ದವು.

ಮುಂಗಡ ವಾಪಸ್ ಕೊಡೋಕೆ ಹೋದಾಗ ಆ ಸಾಹೇಬರು ಟೀ ಕೊಟ್ಟು ಕೂರಿಸಿದರು. ಅದೇ ಜಾಸ್ತಿ ನೋವಾಯಿತು.

ಈಗ ಹೇಳಿ, ನೀವು ವಾರಕ್ಕೊಮ್ಮೆ ಬರುವವರು ಇದನ್ನು ಹೇಗೆ ಹಿಡಿಯುತ್ತೀರಿ? ಸೋಮವಾರ ಬೆಳಿಗ್ಗೆ ಒಂದು ಸತ್ತರೆ ಶನಿವಾರದ ಹೊತ್ತಿಗೆ ದೊಡ್ಡಿ ಖಾಲಿ. ಆಳಿನ ತಪ್ಪಲ್ಲ. ಅವನೂ ಹಾವು ಅಂತಲೇ ಹೇಳುತ್ತಾನೆ, ನಾನು ಓದಿದವನೇ ಹೇಳಲಿಲ್ಲವಾ? ನಾಟಿ ತಳಿ ನಮ್ಮ ಬಿಸಿಲು, ನಮ್ಮ ಒಣ ಮೇವು ತಡೆದುಕೊಳ್ಳುತ್ತದೆ, ಅಷ್ಟು ನಿಜ. ಅದಕ್ಕಿಂತ ಜಾಸ್ತಿ ಯಾರಾದರೂ ಹೇಳಿದರೆ ಅವರು ಮರಿ ಮಾರುವವರು ಅಂತ ತಿಳಿಯಿರಿ.

ಬಂಡೂರು ಕುರಿ ಮೊದಲಿಂದಲೂ ಮನೆ ಬಾಗಿಲಲ್ಲಿ ಕೈಯಾರೆ ತಿನ್ನಿಸಿ ಬೆಳೆಸಿದ ಜಾತಿ. ಗಿಡ್ಡ ಕಾಲಲ್ಲಿ ದೂರ ನಡೆದು ಮೇಯುವುದು ಅದಕ್ಕೆ ಕಷ್ಟ. ನಮ್ಮ ಬೀದಿಯಲ್ಲಿ ರೇಷ್ಮೆ ಮಾಡುವವರು ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಕೊಡುತ್ತಾರೆ. ಅದರ ಸೊಪ್ಪಿಗೆ ಕುರಿಗಳು ಮುಗಿಬೀಳುತ್ತವೆ. ನಾವು ಅವರಿಗೆ ಕುರಿ ಗೊಬ್ಬರ ಕೊಡುತ್ತೇವೆ. ಬೆಳಿಗ್ಗೆ ಹಿಕ್ಕೆ ಗುಡಿಸುವಾಗಲೇ ಯಾವುದು ಭೇದಿ ಮಾಡಿದೆ, ಯಾವುದು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದೆ ಅಂತ ಕಣ್ಣಿಗೆ ಬೀಳುತ್ತದೆ. ಮೊಬೈಲ್‌ನಲ್ಲಿ ಸಿಸಿ ಕ್ಯಾಮೆರಾ ನೋಡಿದರೆ ಇದು ಕಾಣಲ್ಲ. ನನ್ನ ಸ್ನೇಹಿತನೊಬ್ಬ ಹಾಕಿಸಿದ್ದಾನೆ, ಅದರಲ್ಲಿ ಜೇಡರ ಬಲೆ ಚೆನ್ನಾಗಿ ಕಾಣುತ್ತದೆ.

ಹಳ್ಳಿಕಾರ್ ಹಸುವಿನ ಹಾಲು ಮಾರಿ ಆಳಿನ ಸಂಬಳ ಕೊಡುತ್ತೇನೆ ಅಂದಿದ್ದೀರಿ. ಆಗಲ್ಲ. ಅದು ಉಳುಮೆಯ, ಗಾಡಿಯ ತಳಿ. ಟಿಪ್ಪು ಸೈನ್ಯದಲ್ಲಿ ದುಡಿದ ಅಮೃತ್ ಮಹಲ್ ದನಗಳೂ ಇದೇ ಬಳ್ಳಿಯವು. ನಮ್ಮನೆ ಗೌರಿ ಕರು ಕುಡಿದ ಮೇಲೆ ಹೊತ್ತಿಗೆ ಒಂದೂವರೆ ಲೀಟರ್ ಕೊಟ್ಟರೆ ಅವತ್ತು ಹಬ್ಬ. ಕರು ಪಕ್ಕದಲ್ಲಿಲ್ಲದಿದ್ದರೆ ಸೊರೆಯನ್ನೇ ಬಿಡಲ್ಲ. ಅವ್ವನಿಗೆ ಬಿಟ್ಟು ಬೇರೆಯವರಿಗೆ ಹಾಲು ಕರೆಯೋಕೂ ಬಿಡಲ್ಲ. ಡೇರಿಗೆ ಹಾಲು ಹಾಕಬೇಕು ಅಂದರೆ ಸೀಮೆ ಹಸು ಕಟ್ಟಿ. ಹಳ್ಳಿಕಾರ್ ಬೇಕೇ ಬೇಕು ಅಂದರೆ ಆಸೆಗೆ ಒಂದು ಕಟ್ಟಿ, ಲೆಕ್ಕದ ಪುಸ್ತಕದಲ್ಲಿ ಬರೆಯಬೇಡಿ.

ಐವತ್ತರ ಮಾತು ಬಿಡಿ. ಆರು ಹೆಣ್ಣು ಕುರಿ ತಗೊಳ್ಳಿ, ಅದೂ ಸಂತೆಯಲ್ಲಿ ಬೇಡ. ಸಾಕಿದವರ ಮನೆಗೇ ಹೋಗಿ ತಾಯಿ, ಟಗರು ಎರಡನ್ನೂ ನೋಡಿ ತಗೊಳ್ಳಿ. ಟಗರಿಗೆ ಸದ್ಯ ಪಕ್ಕದ ಮನೆಯವರನ್ನು ಕೇಳಿ. ನಿಮ್ಮ ಅಪ್ಪನೋ ಅವ್ವನೋ ದಿನಾ ಊರಲ್ಲೇ ಇದ್ದು ನೋಡಿಕೊಳ್ಳುವುದಾದರೆ ಮಾತ್ರ. ಇಲ್ಲದಿದ್ದರೆ ಅದನ್ನೂ ಬೇಡ ಅನ್ನುತ್ತೇನೆ, ಬೇಜಾರು ಮಾಡ್ಕೋಬೇಡಿ.

ಅದಕ್ಕೂ ಮುಂಚೆ ಮೇ ತಿಂಗಳಲ್ಲಿ ಒಂದು ಸಲ ನಮ್ಮೂರಿಗೆ ಬನ್ನಿ. ಲಸಿಕೆ ದಿನ ಕುರಿ ಹಿಡಿದುಕೊಳ್ಳೋಕೆ ನಮಗೆ ಯಾವಾಗಲೂ ಒಬ್ಬರು ಕಮ್ಮಿ ಬೀಳುತ್ತಾರೆ. ಹಳೇ ಪ್ಯಾಂಟ್ ಹಾಕ್ಕೊಂಡು ಬನ್ನಿ.